ನೆಲ ಯಾರ ಹೆಸರಿನಲ್ಲಿರುತ್ತದೆ?

ಚಿಕ್ಕಪ್ಪ, ನಮ್ಮ ಮನೆತನದ ಗುಂಪಿನಲ್ಲಿ ನೀವು ಹಾಕಿದ ಸಂದೇಶವನ್ನು ಪೂರ್ತಿ ಕೇಳಿದೆ. ಹೊಲವನ್ನು ನಿವೇಶನ ಮಾಡಿ ಮಾರುವ ಬದಲು ಊರಿನವರಿಗೆ ಮನೆ, ದವಾಖಾನೆ, ಮಕ್ಕಳಿಗೊಂದು ಆಟದ ಬಯಲು ಮಾಡೋಣ ಎಂದಿದ್ದೀರಿ. ನನ್ನ ಒಪ್ಪಿಗೆ ಇದೆ. ಆದರೆ ನಕ್ಷೆ ಬರೆಸುವ ಮೊದಲೇ ಕೇಳಿಬಿಡುತ್ತೇನೆ: ಮನೆಗಳೆದ್ದ ಮೇಲೆ ನೆಲ ಯಾರ ಹೆಸರಿನಲ್ಲಿರುತ್ತದೆ?

ನಾವು ಅಗ್ಗಕ್ಕೆ ಕೊಟ್ಟೆವೆನ್ನಿ. ಕೊಂಡವರು ನಾಲ್ಕು ವರ್ಷ ಬಿಟ್ಟು ಮಾರುಕಟ್ಟೆ ದರಕ್ಕೆ ಮಾರಿದರೆ ಕೂಲಿಯವರು ಮತ್ತೆ ಬಾಡಿಗೆ ಮನೆಯಲ್ಲೇ. ಅದಕ್ಕೇ ಸಮುದಾಯ ಭೂ ಟ್ರಸ್ಟ್ ಮಾಡೋಣ. ನೆಲ ಟ್ರಸ್ಟಿನದು, ಮನೆ ಕುಟುಂಬದ್ದು. ನೆಲ ದೀರ್ಘ ಗುತ್ತಿಗೆಗೆ, ಹಲವು ಕಡೆ 99 ವರ್ಷಕ್ಕೆ ಕೊಡುತ್ತಾರೆ. ಮನೆ ಮಾರುವಾಗ ಕರಾರಿನಲ್ಲಿರುವ ಲೆಕ್ಕದಂತೆಯೇ ಬೆಲೆ. ಹೊಲಗಳನ್ನು ಇಡೀ ಊರಿಗೇ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನದಿಂದಲೂ ಪ್ರೇರಣೆ ಪಡೆದವರು 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ‘ನ್ಯೂ ಕಮ್ಯುನಿಟೀಸ್’ ಎಂಬ ಇಂಥದೇ ಟ್ರಸ್ಟ್ ಕಟ್ಟಿದರು. ಐದು ಸಾವಿರ ಎಕರೆಗೂ ಮಿಕ್ಕಿದ ಜಮೀನು. ಬರಗಾಲ ಬಂತು, ಸರ್ಕಾರಿ ನೆರವು ಸಕಾಲಕ್ಕೆ ಸಿಗಲಿಲ್ಲ, ಸಾಲ ಏರಿ 1985ರಲ್ಲಿ ಜಮೀನೇ ಕೈಬಿಟ್ಟಿತು. ಅದಕ್ಕೇ ಹೇಳುತ್ತೇನೆ, ಕಟ್ಟಡದ ಸಾಲಕ್ಕೆ ನಮ್ಮ ನೆಲವನ್ನೆಲ್ಲ ಅಡವಿಡುವ ಮಾತು ಬೇಡವೇ ಬೇಡ.

ಅತ್ತೆ, ತಗ್ಗಿನ ಹೊಲ ಸಮತಟ್ಟಾಗಿದೆ, ಮನೆಗಳು ಅಲ್ಲೇ ಬರಲಿ ಎಂದಿರಿ. ಮಳೆಯ ನೀರು ನಿಲ್ಲುವುದೂ ಅಲ್ಲೇ, ಒಳ್ಳೆಯ ಮಣ್ಣಿರುವುದೂ ಅಲ್ಲೇ. ಒಂದಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ದೊಡ್ಡ ಯಂತ್ರಗಳು ಓಡಾಡಿ ಅದನ್ನು ತುಳಿದುಬಿಟ್ಟರೆ ನೀರೂ ಇಂಗುವುದಿಲ್ಲ. ಕಲ್ಲು ದಿಬ್ಬದ ಮೇಲೆ, ರಸ್ತೆಗೆ ಹತ್ತಿರ ಒತ್ತೊತ್ತಾಗಿ ಕಟ್ಟಿದರೆ ಕೊಳವೆ, ಚರಂಡಿ ಎಲ್ಲದರ ಉದ್ದವೂ ಕಡಿಮೆ, ಉಳಿದದ್ದರಲ್ಲಿ ಬೇಸಾಯ ಮುಂದುವರಿಯುತ್ತದೆ. ಆದರೆ ದಿಬ್ಬದ ಕೊಳಚೆ ಕೆಳಗಿನ ಬಾವಿಯತ್ತ ಇಳಿಯಬಾರದು. ಆ ಖರ್ಚನ್ನು ಈಗಲೇ ಒಪ್ಪಿಕೊಳ್ಳೋಣ. ಅಡಿಪಾಯ ತೋಡುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಬೇಕು. ಹೇಳದಿದ್ದರೆ ಗುತ್ತಿಗೆದಾರರು ಎಲ್ಲವನ್ನೂ ಕಲಸಿಬಿಡುತ್ತಾರೆ.

ದವಾಖಾನೆಯನ್ನು ‘ಎರಡನೇ ಹಂತ’ಕ್ಕೆ ತಳ್ಳಿರುವುದು ನನಗೆ ಹಿಡಿಸಲಿಲ್ಲ. ಇಂಥ ಎರಡನೇ ಹಂತಗಳು ಕಾಗದದಲ್ಲೇ ಉಳಿಯುವುದು ಹೆಚ್ಚು. ಗೋಡೆ ಎಬ್ಬಿಸುವುದು ಸುಲಭ. ದಾದಿಯ ಸಂಬಳ, ವಿದ್ಯುತ್ ಬಿಲ್ ಯಾರು ಕಟ್ಟುತ್ತಾರೆ? ಕುಟುಂಬಗಳು ಟ್ರಸ್ಟಿಗೆ ಕಟ್ಟುವ ನೆಲಬಾಡಿಗೆಯಲ್ಲಿ ಒಂದು ಪಾಲು ಅದಕ್ಕೇ ಎಂದು ಟ್ರಸ್ಟ್ ಪತ್ರದಲ್ಲೇ ಬರೆಸಿ.

ಟ್ರಸ್ಟಿನ ಸಮಿತಿಯಲ್ಲಿ ನಾವೇ ತುಂಬಿಕೊಳ್ಳುವುದು ಬೇಡ. ಆ ಮನೆಗಳಲ್ಲಿ ವಾಸಿಸುವವರು, ಊರಿನವರು, ವಿಷಯ ಬಲ್ಲವರು ಮೂರು ಸಮಪಾಲಾಗಿರಲಿ. ಅಣ್ಣನಿಗೆ ಇದು ರುಚಿಸದು, ಗೊತ್ತು. ಅಂದ ಹಾಗೆ, ಅಕ್ಕಂದಿರ ಪಾಲೂ ಈ ಹೊಲದಲ್ಲಿದೆ. ಅವರು ಈ ಗುಂಪಿನಲ್ಲೇ ಇಲ್ಲ. ಮೊದಲು ಅವರನ್ನು ಸೇರಿಸಿ, ಸರ್ವೆಯವರನ್ನು ಆಮೇಲೆ ಕರೆಸೋಣ.