ಮಗಳಿಗೆ ವೀಣೆ: ಬಳೇಪೇಟೆಯೋ, ತಂಜಾವೂರೋ?

ವಿಜಯನಗರದ_ಅಮ್ಮ: ಮಗಳಿಗೆ ಸ್ವಂತ ವೀಣೆ ಕೊಡಿಸಬೇಕು. ಇಲ್ಲೇ ಬೆಂಗಳೂರಿನ ಬಳೇಪೇಟೆ ಅಂಗಡಿಯಲ್ಲಿ ನೋಡಿ ತರೋದಾ, ಆನ್‌ಲೈನ್‌ನಲ್ಲಿ ತರಿಸೋದಾ, ತಂಜಾವೂರಿಗೇ ಹೋಗೋದಾ? ಹಳೆಯ ವೀಣೆ ಕಚೇರಿಗಳ ಸಿ.ಡಿ. ಇಟ್ಟಿರುವ ಅಂಗಡಿ ಗೊತ್ತಿದ್ದರೂ ಹೇಳಿ.

ತಂತಿಮೀಟು: ತಂಜಾವೂರು, ಮೇಡಂ. ಅಲ್ಲಿನ ವೀಣೆಗೆ 2013ರಲ್ಲೇ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರಕಾರಿ ಗುರುತು, ಸಿಕ್ಕಿದೆ. ಹಲಸಿನ ಮರದ ಏಕಾಂಡ ವೀಣೆ ತಗೊಳ್ಳಿ, ಕೊಡ (ನಾದ ತುಂಬೋ ಬುರುಡೆ), ದಂಡಿ (ಉದ್ದನೆಯ ಕತ್ತು) ಎಲ್ಲ ಒಂದೇ ತುಂಡಿನಲ್ಲಿ ಕೆತ್ತಿರುತ್ತಾರೆ.

ಬಳೇಪೇಟೆ_ಬಂಧು: ಜಿಐ ಟ್ಯಾಗ್ ಕೊಡೋದು ಊರಿನ ಹೆಸರಿಗೆ ಸ್ವಾಮಿ, ನಾದಕ್ಕಲ್ಲ. ಅಂಗಡಿಯಲ್ಲಿ ಕೂತು ದಂಡಿ ಮೇಲಿನ 24 ಮೆಟ್ಟಿಲನ್ನೂ (ತಂತಿ ಒತ್ತೋ ಲೋಹದ ಪಟ್ಟಿಗಳು) ಒಂದೊಂದಾಗಿ ಒತ್ತಿ ಮೀಟಿ ನೋಡಿ. ಯಾವುದಾದರೂ ಜರ್‌ ಅಂದರೆ ಅಲ್ಲೇ ಸರಿ ಮಾಡಿಸಬಹುದು.

ಕೀಬೋರ್ಡ್_ಕಿಟ್ಟಿ: ಆನ್‌ಲೈನ್‌ನಲ್ಲಿ ರಿಟರ್ನ್ ಇದೆಯಲ್ಲ, ಸುಮ್ನೆ ಯಾಕೆ ಓಡಾಟ? ಸಿ.ಡಿ. ಅಂತೂ ಬಿಟ್ಟುಬಿಡಿ, ಮುಂಬೈಯ ರಿದಮ್ ಹೌಸ್‌ನಂಥ ಹೆಸರಾಂತ ಸಿ.ಡಿ. ಅಂಗಡಿಯೇ 2016ರಲ್ಲಿ ಬಾಗಿಲು ಹಾಕಿತು.

ಬಳೇಪೇಟೆ_ಬಂಧು: ರಿಟರ್ನಾ! ಮೆಟ್ಟಿಲು ಕೂರಿಸೋದು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ. ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿದರೆ ಸ್ವರ ಎಲ್ಲ ಎಕ್ಕುಟ್ಟಿ ಹೋಗುತ್ತದೆ. ಆಗ ಬಟನ್ ಒತ್ತಿ ಮೇಳ ಕಟ್ಟಿಸುತ್ತೀರಾ, ಅಂದರೆ ಮೇಣದಲ್ಲಿ ಮೆಟ್ಟಿಲನ್ನೆಲ್ಲ ಮತ್ತೆ ಸ್ವರಕ್ಕೆ ಕೂರಿಸುತ್ತೀರಾ?

ಮೈಸೂರು_ಬಾನಿ: ನಾದದ ಮಾತು ಬಂತಲ್ಲ. ವೀಣೆ ಶೇಷಣ್ಣ, ದೊರೆಸ್ವಾಮಿ ಅಯ್ಯಂಗಾರ್ ಅಂಥ ವೀಣೆ ವಿದ್ವಾಂಸರನ್ನು ಕೊಟ್ಟ ನಾಡಿನವರು ತಂಜಾವೂರಿಗೆ ಯಾಕೆ ಹೋಗಬೇಕು? ಬೀಟೆ ಮರದ ಮೈಸೂರು ವೀಣೆ ನೋಡಿ.

ತಂತಿಮೀಟು: ಅವರ ಕೈ ದೊಡ್ಡದೋ, ಮರ ದೊಡ್ಡದೋ? ಬೀಟೆ ತೂಕ ಗೊತ್ತಾ ನಿಮಗೆ? ಪಾಪ, ಆ ಮಗು ಹೊರಬೇಕು.

ಮೈಸೂರು_ಬಾನಿ: ತೂಕವಂತೆ! ನಿಮ್ಮ ಏಕಾಂಡ ವೀಣೆ ಹತ್ತಿಯಲ್ಲಿ ಮಾಡಿದ್ದಾ? ಅಷ್ಟಕ್ಕೂ ತಂಜಾವೂರು ವೀಣೆಗೆ ಈ ರೂಪ ಬಂದದ್ದು 17ನೇ ಶತಮಾನದಲ್ಲಿ, ಅಲ್ಲಿನ ದೊರೆ ರಘುನಾಥ ನಾಯಕರ ಕಾಲದಲ್ಲಿ ಅಂತಾರೆ. ಅವರ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡಿಗರು. ಗೊತ್ತಿರಲಿ.

ತಂತಿಮೀಟು: ಸರಿ ಹೋಯ್ತು. ಹಾಗಾದರೆ ತಂಜಾವೂರಿನದೂ ನಮ್ಮದೇ ವೀಣೆ ಅಂದ ಹಾಗಾಯ್ತು. ಇನ್ನೇನು ತಕರಾರು?

ಮೈಸೂರು_ಬಾನಿ: ಮಾತು ತಿರುಚಬೇಡಿ. ದೀಕ್ಷಿತರು ಕನ್ನಡಿಗರು ಅಂದೆ, ಅಲ್ಲಿಂದ ಕೊಳ್ಳಿ ಅನ್ನಲಿಲ್ಲ.

ಕೀಬೋರ್ಡ್_ಕಿಟ್ಟಿ: ದೀಕ್ಷಿತರು ಬಿಲ್ ಹಾಕಿಕೊಡ್ತಾರಾ? 😄

ಮೈಸೂರು_ಬಾನಿ: ತಮಾಷೆ ಮಾಡೋ ವಿಷಯ ಅಲ್ಲ ಇದು. ಇತಿಹಾಸ ಓದದವರು ದಯವಿಟ್ಟು ಬಾಯಿ ಹಾಕಬೇಡಿ.

ಬಳೇಪೇಟೆ_ಬಂಧು: ಇತಿಹಾಸ ಇರಲಿ, ಮೇಳ ಮತ್ತೆ ಕಟ್ಟಿಸಬೇಕಾದಾಗ ಪ್ರತಿ ಸಲ ತಂಜಾವೂರಿಗೆ ರೈಲು ಹತ್ತೋದಾ?

ತಂತಿಮೀಟು: ಬೆಂಗಳೂರಲ್ಲೂ ಕಟ್ಟುವವರಿದ್ದಾರೆ.

ಬಳೇಪೇಟೆ_ಬಂಧು: ಅವರನ್ನು ಗೊತ್ತು ಮಾಡಿಕೊಡೋದು ಅಂಗಡಿಯವರೇ ತಾನೇ? ಬೇರೆ ಕಡೆ ವೀಣೆ ಕೊಂಡು ಇಲ್ಲಿ ಬಂದು ರಿಪೇರಿಗೆ ನಿಂತರೆ ಹೇಗೆ ಮಾತಾಡಿಸುತ್ತಾರೆ ನೋಡಿ.

ವಿಜಯನಗರದ_ಅಮ್ಮ: ಮೇಳ ಕಟ್ಟುವವರ ವಿಳಾಸ ಯಾರಾದರೂ ಮೆಸೇಜ್ ಮಾಡ್ತೀರಾ?

ತಂತಿಮೀಟು: ಕಳಿಸ್ತೀನಿ ಮೇಡಂ. ಆದರೆ ಬೀಟೆ ಮಾತ್ರ ಬೇಡ.

ಮೈಸೂರು_ಬಾನಿ: ಇವರಿಗೆ ಬೀಟೆ ಮೇಲೆ ಯಾವ ಜನ್ಮದ ದ್ವೇಷವೋ!