ಡ್ಯೂಕ್ ಎಲಿಂಗ್ಟನ್: 1940–42ರ ಬ್ಯಾಂಡಿಗೆ ಯಾವ ಸಿಡಿ ಒಳ್ಳೇದು?

ಪ್ರಶ್ನೆ (ಧಾರವಾಡ):
ಅಮೆರಿಕದ ಜಾಝ್ ಬ್ಯಾಂಡಿನ ನಾಯಕ ಎಲಿಂಗ್ಟನ್ ಅವರ ಆ ಕಾಲದ ಸಂಗೀತ ಮೊಬೈಲಿನ್ಯಾಗ ಕೇಳಿದ್ರ ಡಬ್ಬಿಯೊಳಗಿಂದ ಬಂದಂಗ ಕೇಳಸ್ತದ. ಬ್ಯಾಂಡಿನ್ಯಾಗ ಜಿಮ್ಮಿ ಬ್ಲಾಂಟನ್ ನುಡಿಸೋ ಬಾಸ್ (ತಗ್ಗಿನ ದನಿಯ ದೊಡ್ಡ ತಂತಿವಾದ್ಯ) ಅಂತೂ ತಿಳಿಯೂದೇ ಇಲ್ಲ. ಯಾವುದು ತಗೋಬೇಕ್ರಿ? ಹಳೆ ಸಾಮಾನಿನ ಅಂಗಡ್ಯಾಗ ಒಂದು 78 ತಟ್ಟೆನೂ (ನಿಮಿಷಕ್ಕ 78 ಸುತ್ತಿನ ಹಳೆ ಗ್ರಾಮಫೋನ್ ತಟ್ಟೆ) ನೋಡೀನಿ.

ಉತ್ತರ (ಹುಬ್ಬಳ್ಳಿ):
ಮೂಲ ಮುದ್ರಣ ಭಾಳ ಚಲೋ ಅದರಿ. ಆದ್ರ ಸಿಡಿಗೆ ಇಳಿಸುವಾಗ ಹಳೆ ತಟ್ಟೆಯ ಸರಸರ ಸಪ್ಪಳ ಅಳಸಾಕ ಹೋಗಿ ಸಿಂಬಲ್, ತುತ್ತೂರಿಯ ಹೊಳಪನ್ನೂ ಒರಸಿಬಿಟ್ಟಿರ್ತಾರ. ಈ ಬ್ಯಾಂಡಿನ 1986ರ 3 ಸಿಡಿ ಸೆಟ್ಟಿನ ದೋಷ ಅದೇ. 2003ರಾಗ ‘ನೆವರ್ ನೋ ಲಮೆಂಟ್’ ಹೆಸರಿನ್ಯಾಗ ಬಂದ 3 ಸಿಡಿ ಹುಡುಕ್ರಿ. ಸ್ವಲ್ಪ ಸರಸರ ಉಳದದ, ಆದ್ರ ಬಾಸ್ ಎದೀಗೆ ತಾಗ್ತದ. ‘ಸ್ಟೀರಿಯೊ’ ಅಂತ ಬರೆದ 1940ರ ಮುದ್ರಣ ಬ್ಯಾಡ. ಒಂದೇ ದಾರಿಯ ದನಿಯ (ಮೋನೋ) ಮುದ್ರಣಾನ ಆಮೇಲೆ ಎರಡಾಗಿ ಒಡದು ಮಾಡಿದ್ದು ಅದು.

ಉತ್ತರ (ಗದಗ):
ಜೊತೆಗೆ 1940ರ ನವೆಂಬರ್ 7ರಂದು ಅಮೆರಿಕದ ಫಾರ್ಗೋ ಊರಾಗ ಈ ಬ್ಯಾಂಡ್ ಕೊಟ್ಟ ಕಛೇರಿ ಕೇಳಲೇಬೇಕ್ರಿ. ಇಬ್ಬರು ತರುಣರು ಕುಣಿತದ ಹಾಲಿನ್ಯಾಗ ನೇರವಾಗಿ ಡಿಸ್ಕಿಗೆ ಇಳಿಸಿದ್ದು. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ಮುಷ್ಕರ ಹೂಡಿ ರೆಕಾರ್ಡಿಂಗ್ ನಿಲ್ಲಿಸಿತ್ತು. ಆ ಕಾಲಕ್ಕ ಹೆಚ್ಚಾಗಿ ರೇಡಿಯೋ ಮುದ್ರಣಗಳೇ ಗತಿ.

78 ತಟ್ಟೆಗೆ ಎಲ್‌ಪಿ ಸೂಜಿ ಹಚ್ಚಬ್ಯಾಡ್ರಿ, ಗೀರಿನ ತಳಕ್ಕ ಕೂತು ಕೊರೀತದ. 3 ಮಿಲ್ (ಇಂಚಿನ ಸಾವಿರದ ಮೂರು ಪಾಲು) ತುದಿಯ ಸೂಜಿ ಬೇಕು. ಆಲ್ಕೋಹಾಲ್‌ನಿಂದ ಒರಸಿದ್ರ ತಟ್ಟೆ ಮಾಡಿದ ಅರಗು ಕರಗ್ತದ.