ಹಿಸ್ಟೋಗ್ರಾಮ್: 15 ಮಕ್ಕಳಿದ್ದರೂ ಎತ್ತರ 5 ಯಾಕೆ?

ಪ್ರಶ್ನೆ: ಮೇಡಂ, ಮಗಳು 9ನೇ ತರಗತಿ. 40 ಮಕ್ಕಳು ದಿನಕ್ಕೆ ಎಷ್ಟು ನಿಮಿಷ ಓದುತ್ತಾರೆ ಅನ್ನೋ ಪಟ್ಟಿ ಕೊಟ್ಟು ಹಿಸ್ಟೋಗ್ರಾಮ್ (ಒಂದಕ್ಕೊಂದು ಅಂಟಿಕೊಂಡ ಆಯತಗಳ ಚಿತ್ರ) ಬರೆಯೋಕೆ ಹೇಳಿದ್ದರು. 0–10 ನಿಮಿಷಕ್ಕೆ 4 ಮಕ್ಕಳು, 10–20ಕ್ಕೆ 9, 20–30ಕ್ಕೆ 12, 30–60ಕ್ಕೆ 15. ಅವಳು ಅಷ್ಟಷ್ಟೇ ಎತ್ತರಕ್ಕೆ ಎಳೆದಳು. ಕೊನೆಯದು ತಪ್ಪಂತೆ. 15 ಮಕ್ಕಳಿದ್ದರೆ ಎತ್ತರ 15 ತಾನೇ?

ಉತ್ತರ: ಎಲ್ಲ ವರ್ಗಾಂತರಗಳ (0–10, 10–20ರಂಥ ಗುಂಪುಗಳ) ಅಗಲ ಒಂದೇ ಆಗಿದ್ದರೆ ಹೌದು. ಇಲ್ಲಿ ಮೊದಲ ಮೂರು 10 ನಿಮಿಷದವು, ಕೊನೆಯದು 30 ನಿಮಿಷದ್ದು. ಹಿಸ್ಟೋಗ್ರಾಮ್‌ನಲ್ಲಿ ಆವೃತ್ತಿಯನ್ನು, ಅಂದರೆ ಆ ಗುಂಪಿನ ಮಕ್ಕಳ ಸಂಖ್ಯೆಯನ್ನು ತೋರಿಸುವುದು ಆಯತದ ವಿಸ್ತೀರ್ಣ, ಬರೀ ಎತ್ತರ ಅಲ್ಲ.

ಮಗಳ ಚಿತ್ರದ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ: 40, 90, 120, ಕೊನೆಯದು 30 × 15 = 450. ಒಟ್ಟು 700ರಲ್ಲಿ 450 ಒಂದೇ ಆಯತದ ಪಾಲು! ನಿಜವಾಗಿ ಅಲ್ಲಿರುವುದು 40ರಲ್ಲಿ 15 ಮಕ್ಕಳು, ಅರ್ಧಕ್ಕಿಂತ ಕಡಿಮೆ. ಚಿತ್ರ ನೋಡಿದವರು ಅರ್ಧಕ್ಕಿಂತ ಹೆಚ್ಚು ಮಕ್ಕಳು ಅರ್ಧ ಗಂಟೆಗಿಂತ ಜಾಸ್ತಿ ಓದುತ್ತಾರೆ ಅಂದುಕೊಳ್ಳುತ್ತಾರೆ, ಅಲ್ವಾ?

ಸರಿ ಮಾಡುವುದು ಸುಲಭ. ಎಲ್ಲಕ್ಕಿಂತ ಚಿಕ್ಕ ಅಗಲ 10. ಆವೃತ್ತಿಯನ್ನು ಅದರ ಅಗಲದಿಂದ ಭಾಗಿಸಿ, 10ರಿಂದ ಗುಣಿಸಿ. 15 ÷ 30 × 10 = 5. ಎತ್ತರಗಳು 4, 9, 12, 5. ಈಗ ವಿಸ್ತೀರ್ಣ 40, 90, 120, 150. ಒಂದೊಂದು ಮಗುವಿಗೂ ಸಮನಾಗಿ 10 ಬಂತು.

ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ. 30 ನಿಮಿಷದಲ್ಲಿ ಮೂರು ಹತ್ತುಗಳಿವೆ, 15 ಮಕ್ಕಳನ್ನು ಆ ಮೂರಕ್ಕೆ ಹಂಚಿದರೆ ತಲಾ 5 ಅಂತ ಹೇಳಿ ಸಾಕು. ಲಂಬ ಅಕ್ಷಕ್ಕೆ ‘10 ನಿಮಿಷದ ಅಂತರಕ್ಕೆ ಮಕ್ಕಳ ಸಂಖ್ಯೆ’ ಅಂತ ಹೆಸರು ಬರೆಯಲಿ. ಬರೀ ‘ಮಕ್ಕಳ ಸಂಖ್ಯೆ’ ಅಂದರೆ ಈಗ ಅದು ಸುಳ್ಳಾಗುತ್ತದೆ.

ಇನ್ನೊಬ್ಬರು: ಸ್ತಂಭಾಲೇಖದಲ್ಲಿ (ಬಾರ್ ಗ್ರಾಫ್) ಮಧ್ಯೆ ಜಾಗ ಬಿಡ್ತೀವಿ, ಇದರಲ್ಲಿ ಬಿಡಲ್ಲ. ಅಷ್ಟೇನಾ ವ್ಯತ್ಯಾಸ?

ಉತ್ತರ: ಜಾಗ ಬಿಡದಿರುವುದಕ್ಕೂ ಒಂದು ಕಾರಣ ಇದೆ. ಇಲ್ಲಿ ಅಡ್ಡ ಅಕ್ಷ ಅಂದರೆ ಸಂಖ್ಯಾರೇಖೆ. ಇಷ್ಟದ ಆಟಗಳ ಸ್ತಂಭಾಲೇಖದಲ್ಲಿ ಕಂಬಗಳನ್ನು ಹಿಂದೆ ಮುಂದೆ ಮಾಡಿದರೂ ಏನೂ ಕೆಡುವುದಿಲ್ಲ. ಇಲ್ಲಿ 20–30ನ್ನು ಎತ್ತಿ 30–60ರ ಆಚೆ ಇಡೋಕಾಗಲ್ಲ. ನಡುವೆ ಖಾಲಿ ಕಂಡರೆ ಆ ವರ್ಗಾಂತರದಲ್ಲಿ ಯಾರೂ ಇಲ್ಲ ಅಂತಲೇ ಅರ್ಥ. ಸರಿಯಾಗಿ 30 ನಿಮಿಷ ಓದುವ ಮಗು 30–60ಕ್ಕೆ ಸೇರುತ್ತದೆ.

ಪ್ರಶ್ನೆ: ಹಾಗಾದ್ರೆ 10–19, 20–29 ಅಂತ ಕೊಟ್ಟರೆ? 19ಕ್ಕೂ 20ಕ್ಕೂ ಮಧ್ಯೆ ಜಾಗ ಉಳಿಯುತ್ತಲ್ಲ.

ಉತ್ತರ: ಆ ಅಂತರ 1. ಅದರ ಅರ್ಧ, ಅಂದರೆ 0.5ನ್ನು ಕೆಳಮಿತಿಯಿಂದ ಕಳೆಯಿರಿ, ಮೇಲ್ಮಿತಿಗೆ ಕೂಡಿಸಿ. 9.5–19.5, 19.5–29.5 ಆಗುತ್ತದೆ. ಅಂಕಗಳಿಗೆ, ಹತ್ತಿರದ ಸೆಂಟಿಮೀಟರ್‌ಗೆ ಅಳೆದ ಎತ್ತರಕ್ಕೆ ಇದು ಸರಿ. ವಯಸ್ಸಿಗೆ ಮಾತ್ರ ನನಗೆ ಒಪ್ಪಿಗೆ ಇಲ್ಲ. 19 ವರ್ಷ 11 ತಿಂಗಳಾದವರೂ 19 ಅಂತಲೇ ಹೇಳುತ್ತಾರೆ. ಆದ್ದರಿಂದ ಅಲ್ಲಿ ನಿಜವಾದ ಗಡಿ 10ರಿಂದ 20.

ಪ್ರಶ್ನೆ: ಮಕ್ಕಳ ಎತ್ತರದ ಲೆಕ್ಕ 140 ಸೆಂ.ಮೀ.ಯಿಂದ ಶುರುವಾದರೆ ಸೊನ್ನೆಯಿಂದ ಅಲ್ಲಿವರೆಗೂ ಹಾಳೆ ಖಾಲಿ ಬಿಡಬೇಕಾ?

ಉತ್ತರ: ಬೇಡ. ಅಡ್ಡ ಅಕ್ಷದಲ್ಲಿ ಸೊನ್ನೆಯ ಪಕ್ಕ ಅಂಕುಡೊಂಕಾದ ಗುರುತು ಹಾಕಿ 140ರಿಂದ ಶುರು ಮಾಡಲಿ. ಲಂಬ ಅಕ್ಷದಲ್ಲಿ ಮಾತ್ರ ಈ ಜಾಣತನ ಬೇಡ, ಅದು ಸೊನ್ನೆಯಿಂದಲೇ ಏರಬೇಕು. ಬುಡ ಕತ್ತರಿಸಿದರೆ ಆಯತಗಳ ವಿಸ್ತೀರ್ಣದ ಲೆಕ್ಕವೇ ತಪ್ಪಿಹೋಗುತ್ತದೆ.